ಹಿನ್ನೀರಿಗೆ ಹೊರಟಿದ್ದೀರಾ? ದಡದಲ್ಲೊಂದು ಕ್ಷಣ ನಿಲ್ಲಿ

ಹಬ್ಬದ ಮರುದಿನ ಬಿರಿಯಾನಿ ಪಾತ್ರೆ, ಚಾಪೆ, ಮಕ್ಕಳ ಚೆಂಡು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಶರಾವತಿ ಹಿನ್ನೀರಿನ ಕಡೆ ಹೊರಡುವುದು ಸಾಗರ, ಹೊಸನಗರದ ಅನೇಕ ಕುಟುಂಬಗಳ ರೂಢಿ. ತೀರ್ಥಹಳ್ಳಿಯವರಿಗೆ ತುಂಗೆಯ ಬಂಡೆಗಳಿವೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚ್‌ಗೆ ಕಾಯುವ ತಾಪತ್ರಯವೂ ತಪ್ಪಿದೆ. ಹೋಗಿಬನ್ನಿ. ವರ್ಷವಿಡೀ ಅಡುಗೆಮನೆ, ಅಂಗಡಿ, ಶಾಲೆ ಎಂದು ದುಡಿದವರಿಗೆ ಒಂದು ದಿನದ ಗಾಳಿ, ಬೆಳಕು ಬೇಕೇ ಬೇಕು. ಆದರೆ ಹೋಗುವ ಜಾಗ ಎಂಥದ್ದೆಂದು ತಿಳಿದು ಹೋಗಿ.

ನೀರಿನಡಿ ಏನಿದೆ?

ಹಿನ್ನೀರಿನ ದಡ ನೋಡಲು ಕಡಲತೀರದಂತಿದ್ದರೂ ಅದು ಮುಳುಗಿದ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಾಗ ಊರು, ಗದ್ದೆ, ತೋಟ, ಕಾಡು ಎಲ್ಲವೂ ನೀರಿನಡಿ ಹೋದವು. ಅದಕ್ಕೂ ಮೊದಲು, 1948ರಲ್ಲಿ ಮುಗಿದಿದ್ದ ಮಡೆನೂರಿನ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಇಂದಿಗೂ ತಲೆ ಎತ್ತುತ್ತದೆ. ಹಾಗಾಗಿ ಕಾಲಡಿ ಸಮನಾದ ಮರಳಿಲ್ಲ. ಮರದ ಬೊಡ್ಡೆ, ಹಳೆಯ ಹಳ್ಳದ ಪಾತ್ರ, ಕೆಸರು ಇವೆ. ಮೊಣಕಾಲುದ್ದ ನೀರಿನಲ್ಲಿ ನಿಂತ ಮಗು ಮುಂದಿನ ಹೆಜ್ಜೆಗೆ ಮುಳುಗಬಹುದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ ಗಟ್ಟಿಯೆಂದು ನಂಬಿ ನಡೆದರೆ ನೀರಿನಂಚಿನಲ್ಲಿ ಕಾಲು ಹೂತುಹೋಗುತ್ತದೆ.

ತುಂಗೆಯಲ್ಲಿ ಅಪಾಯ ಬೇರೆ. ಪಾಚಿ ಕಟ್ಟಿದ ಬಂಡೆ, ಬಂಡೆಗಳ ನಡುವಿನ ಗುಂಡಿ, ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆಯುವ ನೀರು. ಮಳೆಗಾಲದಲ್ಲಿ ಮೇಲ್ಭಾಗದಲ್ಲಿ ಸುರಿದ ಮಳೆಗೆ ಇಲ್ಲಿ ಹೊಳೆ ಒಮ್ಮೆಲೇ ಏರುತ್ತದೆ.

ಮುಳುಗುವವರು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವನು ಕೈ ಬೀಸಿ ಕೂಗುತ್ತಾನೆ. ನಿಜದಲ್ಲಿ ಉಸಿರಿಗೇ ಪರದಾಡುವವನಿಗೆ ಕೂಗಲು ಉಸಿರಿರುವುದಿಲ್ಲ. ಹತ್ತು ಮಂದಿ ದೊಡ್ಡವರು ದಡದಲ್ಲಿ ಕುಳಿತು ಹರಟುತ್ತಿದ್ದಾಗಲೇ ಮಗು ಸದ್ದಿಲ್ಲದೆ ಮರೆಯಾಗಬಹುದು. ‘ಎಲ್ಲರೂ ನೋಡುತ್ತಿದ್ದಾರೆ’ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಆದ್ದರಿಂದ:

• ಸರದಿಯಂತೆ ಒಬ್ಬ ದೊಡ್ಡವರು ಮೊಬೈಲ್ ಬದಿಗಿಟ್ಟು ಮಕ್ಕಳನ್ನಷ್ಟೇ ನೋಡಲಿ. ಚಿಕ್ಕವರು ಕೈಗೆಟುಕುವಷ್ಟು ಹತ್ತಿರದಲ್ಲಿರಲಿ.
• ದೋಣಿ, ತೆಪ್ಪ ಹತ್ತುವ ಮುನ್ನ ಎಲ್ಲರೂ ಲೈಫ್ ಜಾಕೆಟ್ ಕಟ್ಟಿಕೊಳ್ಳಿ. ಗಾಳಿ ತುಂಬಿದ ಟ್ಯೂಬ್ ಅದಕ್ಕೆ ಬದಲಿಯಲ್ಲ. ನೀರಾಟವೇ ಬೇಕಿದ್ದರೆ ಹೊನ್ನೆಮರಡುವಿನಂತೆ ತರಬೇತಾದವರು ಇರುವ ಕಡೆ ಹೋಗಿ.
• ಬುರ್ಖಾ, ಸೀರೆ, ಲುಂಗಿ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಇವನ್ನು ಉಟ್ಟು ಆಳಕ್ಕೆ ಇಳಿಯಬೇಡಿ.
• ಅಸ್ರ್ ನಮಾಝಿನ ಹೊತ್ತಿಗೆ ವುಝೂ ಮಾಡಲು ಒಬ್ಬೊಬ್ಬರೇ ಜಾರುವ ಅಂಚಿಗೆ ಹೋಗುವ ಬದಲು ಮನೆಯಿಂದಲೇ ಒಂದು ಕ್ಯಾನ್ ನೀರು ತನ್ನಿ.

ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಎರಡು, ಮೂರು ಜೀವಗಳು ಹೋಗುವುದು ಹೀಗೆಯೇ. ಹಗ್ಗ, ಉದ್ದನೆಯ ಕೋಲು, ದುಪಟ್ಟಾ, ಖಾಲಿ ಕ್ಯಾನ್, ಸಿಕ್ಕಿದ್ದನ್ನು ಎಸೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ. ಅದರಿಂದ ಅಮೂಲ್ಯ ಸಮಯ ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿಯಂತೆ ಒತ್ತಿ. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ದಡದ ಕಾಡಿನಲ್ಲಿ ಉಣ್ಣೆ

ನೀರಿನಷ್ಟೇ ಎಚ್ಚರ ದಡದಲ್ಲೂ ಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಇದರಿಂದ ನಲುಗಿತು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಅದರೊಳಗೇ ಬರುತ್ತದೆ.

ರೋಗ ಹರಡುವುದು ಉಣ್ಣೆಯ ಕಡಿತದಿಂದ. ತರಗೆಲೆಯ ಮೇಲೆ ಚಾಪೆ ಹಾಸಬೇಡಿ, ಬಯಲಲ್ಲಿ ಕೂರಿ. ಕೈಕಾಲು ಮುಚ್ಚುವ ಬಟ್ಟೆ ತೊಡಿ. ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ತೆರೆದ ಭಾಗಕ್ಕೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಮಕ್ಕಳ ಕಂಕುಳು, ಕಿವಿಯ ಹಿಂಭಾಗ ನೋಡಿ.

ಕಡಿತವಾದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಮಾತ್ರೆ ನುಂಗಿ ಕಾಯಬೇಡಿ. ವೈದ್ಯರಿಗೆ ಮೊದಲು ಹೇಳಬೇಕಾದ ಮಾತು: “ನಾವು ಕಾಡಿನಂಚಿಗೆ ಹೋಗಿದ್ದೆವು.” ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ, ಬೇಗ ಸಿಗುವ ಆರೈಕೆಯೇ ಜೀವ ಉಳಿಸುತ್ತದೆ.

ನಮ್ಮ ನಂತರ ಬರುವವರಿಗಾಗಿ

ಹಿನ್ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ. ಕುದಿಸಿ ಆರಿಸಿದ ನೀರು ಮನೆಯಿಂದ ಒಯ್ಯಿರಿ. ಇಲಿ, ದನಗಳ ಮೂತ್ರ ಸೇರಿದ ನೀರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರಬಹುದು. ಗಾಯವಿದ್ದವರು ನೀರಿಗಿಳಿಯದಿರುವುದೇ ಮೇಲು. ಶೌಚಕ್ಕೆ ಹೊರಡುವ ಮುನ್ನ ಊರಿನಲ್ಲೇ ಹೋಗಿಬನ್ನಿ. ನೀರಿನ ಬಳಿ, ದಾರಿಯಲ್ಲಿ, ನೆರಳಿನಲ್ಲಿ ಮಲ ವಿಸರ್ಜಿಸುವುದನ್ನು ಪ್ರವಾದಿಯವರು (ಸ) ಕಟ್ಟುನಿಟ್ಟಾಗಿ ತಡೆದಿದ್ದಾರೆ. ಮೂಳೆ, ತಟ್ಟೆ, ಮಗುವಿನ ಡೈಪರ್ ಒಂದು ಚೀಲದಲ್ಲಿ ಮನೆಗೆ ಮರಳಲಿ.

ಸಂಜೆ ಗಾಡಿ ಹತ್ತುವಾಗ ಮೊದಲು ಮಕ್ಕಳ ತಲೆ ಎಣಿಸಿ, ಆಮೇಲೆ ಪಾತ್ರೆಗಳನ್ನು.