ಬೆಕ್ಕಿನ ಮರಿ ಹೊರಗೆ ಹೋಗಲು ಕಲಿತದ್ದು

ಪಾತ್ರೆ ತಿಕ್ಕಲು ಒಲೆ ಬೂದಿಗೆ ಕೈ ಹಾಕಿದ ಅಜ್ಜಿಗೆ ಬೆಕ್ಕಿನ ಮರಿಯ ಕಕ್ಕ ಸಿಕ್ಕಿತು. "ಇನ್ನೊಂದ್ಸಲ ಮಾಡಿದ್ರೆ ಚೀಲಕ್ಕೆ ಹಾಕಿ ಹೊಳೆ ಆಚೆ ಬಿಡ್ತೀನಿ" ಅಂದರು.

ಮರಿಯದು ತಪ್ಪಲ್ಲ. ಹುಟ್ಟಿದ ಸುಮಾರು ಮೂರು ವಾರ ತಾಯಿ ನೆಕ್ಕಿದರೆ ಮಾತ್ರ ಅದಕ್ಕೆ ಕಕ್ಕ ಬರುತ್ತದೆ. ಆಮೇಲೆ ಕೆರೆದು ಮುಚ್ಚಲು ಮೆತ್ತನೆ ಮಣ್ಣು ಹುಡುಕುತ್ತದೆ. ಬೂದಿಯೂ ಮೆತ್ತಗೇ ಇರುತ್ತದಲ್ಲ!

ಹಳೇ ಬಾಣಲೆಗೆ ಮರಳು ತುಂಬಿ, ಆ ಗಲೀಜನ್ನೇ ಸ್ವಲ್ಪ ಹಾಕಿ ಒಲೆ ಪಕ್ಕ ಇಟ್ಟೆ. ವಾಸನೆ ಹಿಡಿದು ಬಂತು. ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಎತ್ತಿ ಅದರಲ್ಲಿ ಬಿಡಬೇಕು. ಬಾಣಲೆಯನ್ನು ದಿನಾ ಒಂದು ಮೊಳ ಬಾಗಿಲ ಕಡೆ ಸರಿಸಬೇಕು. ನಾನೊಮ್ಮೆ ಅವಸರ ಮಾಡಿ ಸೀದಾ ಹಿತ್ತಲಿಗೆ ಒಯ್ದೆ, ಮರಿ ಮತ್ತೆ ಒಲೆಗೇ ಓಡಿತು. ಹೊಡೆಯಬಾರದು, ಹೆದರಿ ಮಂಚದ ಕೆಳಗೆ ಮಾಡುತ್ತದೆ.

ಈಗ ಬಾಳೆ ಬುಡಕ್ಕೆ ತಾನೇ ಹೋಗುತ್ತದೆ. ಅಜ್ಜಿ ಮಾತ್ರ ಬೂದಿಯನ್ನು ಇನ್ನೂ ಕಡ್ಡಿಯಿಂದ ಕೆದಕಿ ನೋಡಿಯೇ ಮುಟ್ಟುತ್ತಾರೆ.