ಎಲೆಕ್ಟ್ರಿಕ್ ಕಾರು ಕೆಟ್ಟರೆ ಕಿಸೆಗೆಷ್ಟು ಭಾರ?

ಮುಂಬಯಿ: ಪೆಟ್ರೋಲ್ ಖರ್ಚಿಗೆ ಬೇಸತ್ತು ನಮ್ಮವರಲ್ಲಿ ಅನೇಕರು ಈಗ ಎಲೆಕ್ಟ್ರಿಕ್ ಕಾರಿನತ್ತ ಮುಖ ಮಾಡುತ್ತಿದ್ದಾರೆ. ಸಂಘದ ಸಭೆಯಲ್ಲೋ ಮದುವೆ ಮನೆಯಲ್ಲೋ ಈ ವಿಷಯ ಬಂದರೆ ಕೇಳಿಬರುವ ಪ್ರಶ್ನೆ ಒಂದೇ: ‘ಬ್ಯಾಟರಿ ಹೋದರೆ ಗತಿಯೇನು?’ ಈ ಹೆದರಿಕೆಯಲ್ಲಿ ಹುರುಳಿದೆ. ಆದರೆ ಕಾರು ನಿಂತಾಗಲೆಲ್ಲ ಕೆಟ್ಟಿರುವುದು ದೊಡ್ಡ ಬ್ಯಾಟರಿಯೇ ಆಗಿರುವುದಿಲ್ಲ.

ಈ ಹೆದರಿಕೆ ಹೊಸತೂ ಅಲ್ಲ. ಚೇತನ್ ಮೈನಿ ಅವರ ಸಾರಥ್ಯದಲ್ಲಿ 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ‘ರೇವಾ’ ಕಾರಿನಲ್ಲಿದ್ದದ್ದು ಸೀಸ-ಆಮ್ಲದ ಬ್ಯಾಟರಿ. ಕೆಲವೇ ವರ್ಷಗಳಲ್ಲಿ ಅದನ್ನು ಬದಲಿಸಬೇಕಾಗುತ್ತಿತ್ತು. ಇಂದಿನ ಲಿಥಿಯಂ ಬ್ಯಾಟರಿಗಳ ಬಾಳಿಕೆ ಬಹಳ ಹೆಚ್ಚು. ಹಲವು ಕಾರುಗಳಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಬ್ಯಾಟರಿ ವಾರಂಟಿ ಇದೆ.

ಸಣ್ಣ ಬ್ಯಾಟರಿಯ ದೊಡ್ಡ ಕಾಟ

ಎಲೆಕ್ಟ್ರಿಕ್ ಕಾರಿನಲ್ಲಿಯೂ ಸಾಮಾನ್ಯ ಕಾರಿನಂತೆ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಬಾಗಿಲಿನ ಲಾಕ್, ದೀಪ, ಕಂಪ್ಯೂಟರ್‌ಗಳಿಗೆ ವಿದ್ಯುತ್ ಕೊಡುವುದು ಇದೇ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚಿಗೂ ಇದರ ಶಕ್ತಿ ಬೇಕು. ಹೀಗಾಗಿ ಇದು ಸೋತರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲದು. ರಜೆಯಲ್ಲಿ ಊರಿಗೆ ಹೋಗಿ ತಿಂಗಳ ನಂತರ ಮರಳಿದವರಿಗೆ ಇದು ಎದುರಾಗುವುದುಂಟು. ಹೊಸದಕ್ಕೆ ಸುಮಾರು ನಾಲ್ಕರಿಂದ ಎಂಟು ಸಾವಿರ ರೂಪಾಯಿ ಸಾಕು.

ದೋಷ ಕಾರಿನದೋ, ಕಟ್ಟಡದ್ದೋ?

ಕಾರು ಚಾರ್ಜ್ ಆಗದಿದ್ದರೆ ಮೊದಲು ನೋಡಬೇಕಾದದ್ದು ಸೊಸೈಟಿಯ ವಯರಿಂಗ್. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಸುರಕ್ಷತೆಗಾಗಿ ಚಾರ್ಜರ್ ತಾನೇ ನಿಂತುಬಿಡುತ್ತದೆ. ಗಂಟೆಗಟ್ಟಲೆ ಪೂರ್ಣ ಹೊರೆ ಹೊರುವ ಸಾಕೆಟ್ ಬಿಸಿಯಾಗಿ ಕರಗುವುದೂ ಇದೆ. ಎಕ್ಸ್‌ಟೆನ್ಶನ್ ಬೋರ್ಡ್ ಬಳಸಲೇಬಾರದು. ಪರವಾನಿಗೆ ಇರುವ ಎಲೆಕ್ಟ್ರಿಶಿಯನ್‌ನಿಂದ ಪ್ರತ್ಯೇಕ ಲೈನ್, ಅರ್ಥಿಂಗ್ ಹಾಕಿಸಲು ಕೆಲವು ಸಾವಿರ ರೂಪಾಯಿ ತಗಲುತ್ತದೆ. ದೂರದ ಮೀಟರ್ ಕೋಣೆಯಿಂದ ಕೇಬಲ್ ಎಳೆಯಬೇಕಾದರೆ ಖರ್ಚು ಏರುತ್ತದೆ.

ದುಬಾರಿ ಭಾಗಗಳು

ಮನೆಯ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವಂತೆ ಪರಿವರ್ತಿಸುವ ಚಾರ್ಜರ್ ಕಾರಿನೊಳಗೇ ಇರುತ್ತದೆ. ಮನೆಯಲ್ಲಿ ಚಾರ್ಜ್ ಆಗದ ಕಾರು ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಸರಿಯಾಗಿ ಚಾರ್ಜ್ ಆದರೆ, ಮತ್ತು ಸಾಕೆಟ್, ಕೇಬಲ್ ಸರಿಯಿದ್ದರೆ, ಸಂಶಯ ಪಡಬೇಕಾದದ್ದು ಇದನ್ನೇ. ವಾರಂಟಿ ಮುಗಿದಿದ್ದರೆ ಬಿಲ್ಲು ಅರ್ಧ ಲಕ್ಷ ದಾಟುವುದುಂಟು.

ಇನ್ನು ದೊಡ್ಡ ಬ್ಯಾಟರಿ. 2024ರಲ್ಲಿ ಬ್ಲೂಮ್‌ಬರ್ಗ್ ಎನ್‌ಇಎಫ್ ಸಮೀಕ್ಷೆಯಂತೆ ಜಗತ್ತಿನ ಸರಾಸರಿ ಬೆಲೆ ಕಿಲೋವ್ಯಾಟ್-ಅವರ್‌ಗೆ 115 ಡಾಲರ್. ಆ ಲೆಕ್ಕದಲ್ಲಿ 30 ಕಿಲೋವ್ಯಾಟ್-ಅವರ್ ಬ್ಯಾಟರಿಗೆ ಸುಮಾರು ಮೂರು ಲಕ್ಷ ರೂಪಾಯಿ. ಇದು ತಯಾರಕರ ಮಟ್ಟದ ದರ. ಗ್ರಾಹಕರ ಬಿಲ್ಲು ಇನ್ನೂ ಹೆಚ್ಚು. ಕೆಲವೊಮ್ಮೆ ಕೆಟ್ಟ ಮಾಡ್ಯೂಲ್ ಮಾತ್ರ ಬದಲಿಸಲು ಸಾಧ್ಯವಿರುವುದರಿಂದ, ಇಡೀ ಬ್ಯಾಟರಿಗೆ ಒಪ್ಪುವ ಮೊದಲು ಲಿಖಿತ ತಪಾಸಣಾ ವರದಿ ಕೇಳಿ ಪಡೆಯಬೇಕು.

ಮಳೆಗಾಲದ ಎಚ್ಚರ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿ.ಮೀ. ಮಳೆಯನ್ನು ಮುಂಬಯಿಗರು ಮರೆತಿಲ್ಲ. ಬ್ಯಾಟರಿ ಪೆಟ್ಟಿಗೆಗೆ ನೀರು ನುಗ್ಗದಂತೆ ರಕ್ಷಣೆ ಇರುತ್ತದಾದರೂ ನೆರೆಯಲ್ಲಿ ಮುಳುಗಿದ ಕಾರನ್ನು ಚಾಲೂ ಮಾಡಬಾರದು, ಚಾರ್ಜಿಗೂ ಹಚ್ಚಬಾರದು. ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವುದು ಪ್ರಾಣಾಪಾಯ. ಅದು ಅಧಿಕ ವೋಲ್ಟೇಜಿನದು. ಟೋ ಮಾಡಿಸಿ ಸರ್ವಿಸ್ ಸೆಂಟರಿಗೆ ಒಯ್ಯುವುದೇ ಕ್ಷೇಮ. ನೀರಿನಿಂದ ಬ್ಯಾಟರಿಗಾಗುವ ಹಾನಿಗೆ ವಿಮೆಯಲ್ಲಿ ರಕ್ಷಣೆ ಇದೆಯೇ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬ್ಯಾಟರಿಯ ಆರೋಗ್ಯ ವರದಿ ನೋಡಿ, ವಾರಂಟಿ ತಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕೊಡುವುದು ಜಾಣತನ.