ಇಥಿಯೋಪಿಯದ ಅಬುನ ಯಾಕೋಬ್: ಸಂತ ಜಸ್ಟಿನ್ ದೆ ಯಾಕೋಬಿಸ್

ಪ್ರತಿ ವರ್ಷ ಜುಲೈ 31ರಂದು ನಾವು ಯೇಸುಸಭೆಯ ಸ್ಥಾಪಕರಾದ ಲೊಯೊಲದ ಸಂತ ಇಗ್ನೇಷಿಯಸರ ಹಬ್ಬವನ್ನು ಭಕ್ತಿಯಿಂದ ಆಚರಿಸುತ್ತೇವೆ. ಅದರ ಮುನ್ನಾದಿನ, ಜುಲೈ 30ರಂದು, ಸಂತ ವಿನ್ಸೆಂಟ್ ದೆ ಪಾವ್ಲರ ಪರಿವಾರವು ನಮ್ಮಲ್ಲಿ ಅಷ್ಟಾಗಿ ಪರಿಚಿತರಲ್ಲದ ಒಬ್ಬ ಸಂತರನ್ನು ಸ್ಮರಿಸುತ್ತದೆ. ಅವರು ಇಟಲಿಯ ಮಿಷನರಿ ಸಂತ ಜಸ್ಟಿನ್ ದೆ ಯಾಕೋಬಿಸ್. ಇವರು ಪ್ರಾಣಬಿಟ್ಟದ್ದು 1860ರ ಜುಲೈ 31ರಂದು, ಅಂದರೆ ಸಂತ ಇಗ್ನೇಷಿಯಸರ ಹಬ್ಬದ ದಿನವೇ. ಯೇಸುಸಭೆಯ ಗುರುಗಳು ಇಥಿಯೋಪಿಯದಿಂದ ಹೊರದೂಡಲ್ಪಟ್ಟು ಎರಡು ಶತಮಾನಗಳು ಸಂದ ಮೇಲೆ, ಅಲ್ಲಿ ಮುಚ್ಚಿಹೋಗಿದ್ದ ಬಾಗಿಲನ್ನು ಮತ್ತೆ ತಟ್ಟಿದವರು ಇವರು. ಹೀಗಾಗಿ ಈ ದಿನಗಳ ಹೊಂದಿಕೆ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ.

ಇಥಿಯೋಪಿಯದ ಜನರು ಕ್ರಿಸ್ತನ ಹೆಸರನ್ನೇ ಕೇಳದವರಾಗಿರಲಿಲ್ಲ. ನಾಲ್ಕನೆಯ ಶತಮಾನದಲ್ಲಿಯೇ ಅಕ್ಸುಮ್ ರಾಜ್ಯವು ಕ್ರೈಸ್ತಧರ್ಮವನ್ನು ಸ್ವೀಕರಿಸಿತ್ತು. ಪ್ರಾಚೀನವಾದ ಗೀಜ್ ಭಾಷೆಯಲ್ಲಿ ಬಲಿಪೂಜೆ, ಕಠಿಣವಾದ ಉಪವಾಸಗಳು, ಮಾತೆ ಮರಿಯಮ್ಮನವರಲ್ಲಿ ಗಾಢವಾದ ಭಕ್ತಿ, ಬೆಟ್ಟಗಳ ನೆತ್ತಿಯಲ್ಲಿ ಸನ್ಯಾಸಿ ಮಠಗಳು, ಇವೆಲ್ಲವೂ ಅವರಲ್ಲಿದ್ದವು. ಆದರೆ ಕ್ರಿ.ಶ. 451ರ ಕಾಲ್ಸೆದೋನ್ ಮಹಾಸಭೆಯ ತೀರ್ಮಾನಗಳನ್ನು ಒಪ್ಪದ ಪೌರಸ್ತ್ಯ ಸಭೆಗಳ ಸಾಲಿಗೆ ಸೇರಿದ್ದುದರಿಂದ ರೋಮಿನೊಡನೆ ಅವರ ಅನ್ಯೋನ್ಯತೆ ಕಡಿದುಹೋಗಿತ್ತು. ಈಜಿಪ್ಟಿನ ಕಾಪ್ಟಿಕ್ ಪೇಟ್ರಿಯಾರ್ಕರು ಕಳುಹಿಸಿಕೊಡುವ ಧರ್ಮಾಧ್ಯಕ್ಷರೇ ಅವರ ಸಭೆಯ ತಲೆ. ಅವರನ್ನು ಜನರು ‘ಅಬುನ’, ಅಂದರೆ ‘ನಮ್ಮ ತಂದೆ’, ಎಂದು ಕರೆಯುತ್ತಿದ್ದರು.

ಮುಚ್ಚಿದ ಬಾಗಿಲು

ಹದಿನೇಳನೆಯ ಶತಮಾನದ ಆರಂಭದಲ್ಲಿ ಗೋವೆಯಿಂದ ಹೋದ ಯೇಸುಸಭೆಯ ಗುರು ಪೇದ್ರೋ ಪಾಯೆಸರು ಜನರ ಭಾಷೆ, ನಡೆನುಡಿಗಳನ್ನು ಅರಿತುಕೊಂಡು ತಾಳ್ಮೆಯಿಂದ ದುಡಿದರು. ಅರಸ ಸುಸೆನ್ಯೋಸನು 1622ರಲ್ಲಿ ಕಥೋಲಿಕ ವಿಶ್ವಾಸವನ್ನು ಬಹಿರಂಗವಾಗಿ ಸ್ವೀಕರಿಸಿದನು. ಪಾಯೆಸರು ಅದೇ ವರ್ಷ ತೀರಿಕೊಂಡರು. ಅವರ ತರುವಾಯ 1625ರಲ್ಲಿ ಬಂದ ಪೇಟ್ರಿಯಾರ್ಕ್ ಅಫೊನ್ಸೊ ಮೆಂದೆಸರಿಗೆ ಆ ತಾಳ್ಮೆ ಇರಲಿಲ್ಲ. ಸ್ನಾನದೀಕ್ಷೆ ಪಡೆದಿದ್ದವರಿಗೆ ಮತ್ತೆ ಸ್ನಾನದೀಕ್ಷೆ, ಗುರುಗಳಾಗಿದ್ದವರಿಗೆ ಮತ್ತೆ ಗುರುದೀಕ್ಷೆ, ಪಂಚಾಂಗದಲ್ಲಿ ಬದಲಾವಣೆ, ಲತೀನ್ ವಿಧಿಗಳ ಹೇರಿಕೆ ನಡೆದವು. ದೇಶದಲ್ಲಿ ದಂಗೆಯೆದ್ದು ರಕ್ತ ಹರಿಯಿತು. 1632ರಲ್ಲಿ ಸುಸೆನ್ಯೋಸನು ಹಳೆಯ ವಿಶ್ವಾಸವನ್ನು ಮರಳಿ ಸ್ಥಾಪಿಸಿ, ಮಗ ಫಸಿಲಿದಾಸನಿಗೆ ಪಟ್ಟ ಬಿಟ್ಟುಕೊಟ್ಟನು. ಮಿಷನರಿಗಳು ಹೊರದೂಡಲ್ಪಟ್ಟರು. ಮೆಂದೆಸರು ಮರಳಿ ಗೋವೆಗೆ ಬಂದು 1656ರಲ್ಲಿ ಅಲ್ಲಿಯೇ ನಿಧನರಾದರು. 1638ರಲ್ಲಿ ಗೊಂದರ್ ಪಟ್ಟಣಕ್ಕೆ ಬಂದ ಇಬ್ಬರು ಕಪುಚಿನ್ ಗುರುಗಳನ್ನು ಗಲ್ಲಿಗೇರಿಸಲಾಯಿತು.

ಇಂಥ ಕಥೆ ನಮಗೆ ಹೊಸದಲ್ಲ. ಅದೇ ಗೋವೆಯ ಮಹಾಧರ್ಮಾಧ್ಯಕ್ಷರು 1599ರಲ್ಲಿ ಕೇರಳದ ಉದಯಂಪೇರೂರಿನಲ್ಲಿ ಸಭೆ ಸೇರಿಸಿ, ಸಂತ ತೋಮಸರ ಕ್ರೈಸ್ತರ ಮೇಲೆ ಲತೀನ್ ಪದ್ಧತಿಗಳನ್ನು ಹೊರಿಸಲು ಹೊರಟರು. ಅದರ ಫಲವನ್ನು 1653ರಲ್ಲಿ ಮಟ್ಟಾಂಚೇರಿಯಲ್ಲಿ ನಡೆದ ಕೂನನ್ ಶಿಲುಬೆಯ ಪ್ರತಿಜ್ಞೆಯಲ್ಲಿ ಕಂಡೆವು. ಅಂದು ಒಡೆದ ಮನೆ ಇಂದಿಗೂ ಪೂರ್ತಿಯಾಗಿ ಕೂಡಿಬಂದಿಲ್ಲ.

ಕಲಿಯಲು ಹೋದ ಗುರು

1800ರ ಅಕ್ಟೋಬರ್ 9ರಂದು ದಕ್ಷಿಣ ಇಟಲಿಯ ಸಾನ್ ಫೆಲೆ ಎಂಬ ಊರಿನಲ್ಲಿ, ಹದಿನಾಲ್ಕು ಮಕ್ಕಳ ತುಂಬು ಸಂಸಾರದಲ್ಲಿ, ಏಳನೆಯವರಾಗಿ ಜಸ್ಟಿನರು ಜನಿಸಿದರು. 1818ರಲ್ಲಿ ಸಂತ ವಿನ್ಸೆಂಟರು ಸ್ಥಾಪಿಸಿದ ಮಿಷನ್ ಸಭೆಯನ್ನು ಸೇರಿ, 1824ರಲ್ಲಿ ಬ್ರಿಂದಿಸಿಯಲ್ಲಿ ಗುರುದೀಕ್ಷೆ ಪಡೆದರು. ನೇಪಲ್ಸ್ ನಗರದಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ಆರೈಕೆಗೆ ನಿಂತರು. ನಮ್ಮ ಧರ್ಮಕೇಂದ್ರಗಳಲ್ಲಿ ಬಡವರ ಮನೆಗಳಿಗೆ ಭೇಟಿ ಕೊಡುವ ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸೊಸೈಟಿಯ ಸದಸ್ಯರಿಗೆ ಈ ಬಗೆಯ ಸೇವೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರಿಗೂ ಪಾಲಕ ಸಂತರು ಒಬ್ಬರೇ.

1839ರಲ್ಲಿ ಇಥಿಯೋಪಿಯದ ಪ್ರೇಷಿತ ಕಾರ್ಯದ ಹೊಣೆ ಹೊತ್ತು ಅವರು ತಿಗ್ರೆ ಪ್ರಾಂತದ ಅದ್ವಾ ಪಟ್ಟಣವನ್ನು ತಲುಪಿದರು. ಅಲ್ಲಿ ಪರದೇಶಿ ಗುರುಗಳೆಂದರೆ ಜನರಿಗೆ ಅನುಮಾನ. ಎರಡು ಶತಮಾನಗಳ ಹಿಂದಿನ ನೆನಪು ಇನ್ನೂ ಹಸಿಯಾಗಿತ್ತು. ಜಸ್ಟಿನರು ವಾದಕ್ಕೆ ಇಳಿಯಲಿಲ್ಲ. ಅಮ್ಹಾರಿಕ್, ತಿಗ್ರಿನ್ಯ ಮತ್ತು ಗೀಜ್ ಭಾಷೆಗಳನ್ನು ಕಲಿಯಲು ಕುಳಿತರು. ಅಲ್ಲಿಯ ಸನ್ಯಾಸಿಗಳ ಉಡುಪನ್ನು ಧರಿಸಿದರು. ಹುಳಿಬರಿಸಿದ ಹಿಟ್ಟಿನಿಂದ ದೋಸೆಯಂತೆ ಹುಯ್ದ ಇಂಜೆರಾವನ್ನು ಅವರೊಡನೆ ಹಂಚಿಕೊಂಡು ಉಂಡರು. 1840ರ ಜನವರಿಯಲ್ಲಿ ತಮ್ಮ ಬಿಡಾರದಲ್ಲಿ ಸೇರಿದ್ದ ಕೆಲವರನ್ನು ಉದ್ದೇಶಿಸಿ ಮೊದಲ ಸಲ ಅವರದೇ ಭಾಷೆಯಲ್ಲಿ ಮಾತನಾಡಿದಾಗ, ತಾವು ಬಂದದ್ದು ಅವರ ಮೇಲಿನ ಪ್ರೀತಿಯಿಂದಲೇ ಎಂದೂ ತಮ್ಮ ಪ್ರಾಣವನ್ನು ಅವರ ಕೈಯಲ್ಲಿಯೇ ಇಟ್ಟಿರುವೆವೆಂದೂ ತಿಳಿಸಿದರು. ಇದು ಬರಿಯ ಮಾತಲ್ಲವೆಂಬುದನ್ನು ಮುಂದಿನ ಇಪ್ಪತ್ತು ವರ್ಷಗಳು ಸಾಬೀತುಗೊಳಿಸಿದವು. ಜನರು ಅವರನ್ನು ಪ್ರೀತಿಯಿಂದ ‘ಅಬುನ ಯಾಕೋಬ್’ ಎಂದು ಕರೆಯತೊಡಗಿದರು.

ಕೈರೋ ಯಾತ್ರೆ

ಅವರ ಬದುಕಿನ ಕಠಿಣ ಪರೀಕ್ಷೆ 1841ರಲ್ಲಿ ಎದುರಾಯಿತು. ತಿಗ್ರೆಯ ಆಡಳಿತಗಾರ ವುಬೆಯು ಹೊಸ ಅಬುನರನ್ನು ಕರೆತರಲು ಕೈರೋ ನಗರಕ್ಕೆ ನಿಯೋಗವೊಂದನ್ನು ಕಳುಹಿಸುವವನಿದ್ದನು. ಅದರ ಜೊತೆಗೆ ಹೋಗುವಂತೆ ಜಸ್ಟಿನರನ್ನು ಕೇಳಿಕೊಂಡನು. ಒಬ್ಬ ಕಥೋಲಿಕ ಗುರುವು ಆರ್ಥೊಡಾಕ್ಸ್ ಸಭೆಗೆ ಧರ್ಮಾಧ್ಯಕ್ಷರನ್ನು ತರಲು ನೆರವಾಗುವುದೇ? ಹೋದರೆ ಸ್ವಂತ ಜನರಿಂದ ಟೀಕೆ, ಒಲ್ಲೆನೆಂದರೆ ಆ ದೇಶದ ಬಾಗಿಲು ಮತ್ತೆ ಮುಚ್ಚುವ ಭಯ. ಐಕ್ಯತೆಯ ವಿಷಯವನ್ನು ಪೇಟ್ರಿಯಾರ್ಕರ ಮುಂದಿಡಲು ಮತ್ತು ಬಳಿಕ ನಿಯೋಗವನ್ನು ರೋಮಿಗೆ ಕರೆದೊಯ್ಯಲು ಅವಕಾಶ ಬೇಕೆಂದು ಕೇಳಿಕೊಂಡು ಅವರು ಹೊರಟರು.

ಕೈರೋದಲ್ಲಿ ಐಕ್ಯತೆಯ ಮಾತಿಗೆ ಕಿವಿಗೊಡುವವರಿರಲಿಲ್ಲ. ಪೇಟ್ರಿಯಾರ್ಕ್ ಏಳನೆಯ ಪೇತ್ರರು ಇಪ್ಪತ್ತರ ಹರೆಯದ ಸನ್ಯಾಸಿಯೊಬ್ಬರನ್ನು ‘ಸಲಾಮ’ ಎಂಬ ಹೆಸರಿನಲ್ಲಿ ಅಬುನರಾಗಿ ಅಭಿಷೇಕಿಸಿ ಕಳುಹಿಸಿದರು. ಮುಂದೆ ಜಸ್ಟಿನರನ್ನು ಸೆರೆಮನೆಗೆ ತಳ್ಳಿಸಿದವರು ಇದೇ ಅಬುನ ಸಲಾಮ. ನಿಯೋಗದ ಕೆಲವರು ಜಸ್ಟಿನರೊಡನೆ ರೋಮಿಗೆ ಹೋಗಿ ಪೋಪ್ ಹದಿನಾರನೆಯ ಗ್ರೆಗೊರಿಯವರನ್ನು ಭೇಟಿಯಾದರು. ಹಿಂದಿರುಗುವಾಗ ಜೆರುಸಲೇಮಿನ ಪುಣ್ಯಸ್ಥಳಗಳನ್ನು ದರ್ಶಿಸಿದರು.

ಲೌಕಿಕ ಲೆಕ್ಕದಲ್ಲಿ ಈ ಯಾತ್ರೆ ಸೋಲೇ ಸರಿ. ಆದರೆ ನಿಯೋಗದಲ್ಲಿ ಗೆಬ್ರೆ ಮಿಕಾಯೇಲ್ ಎಂಬ ಆರ್ಥೊಡಾಕ್ಸ್ ಸನ್ಯಾಸಿಯಿದ್ದರು. ಐವತ್ತು ವರ್ಷದ ಈ ಮಹಾ ವಿದ್ವಾಂಸರು ಸತ್ಯವನ್ನು ಅರಸುತ್ತ ಮಠದಿಂದ ಮಠಕ್ಕೆ ಅಲೆದವರು. ಮೊದಮೊದಲು ಈ ಪರದೇಶಿಯನ್ನು ಅವರು ಸಂಶಯದಿಂದಲೇ ಕಾಣುತ್ತಿದ್ದರು. ದಾರಿಯುದ್ದಕ್ಕೂ ಜಸ್ಟಿನರ ಸಹನೆಯನ್ನು ಕಂಡು ಅವರ ಮನಸ್ಸು ಕರಗಿತು. 1844ರಲ್ಲಿ ಅವರು ಕಥೋಲಿಕ ಸಭೆಯ ಅನ್ಯೋನ್ಯತೆಗೆ ಬಂದರು. ಬಳಿಕ ಇಬ್ಬರೂ ಕೂಡಿ ಅಮ್ಹಾರಿಕ್ ಭಾಷೆಯಲ್ಲಿ ಧರ್ಮೋಪದೇಶದ ಪುಸ್ತಕವನ್ನು ರಚಿಸಿದರು. ಅಡಿಗ್ರಾತ್ ಸಮೀಪದ ಗುವಾಲದಲ್ಲಿ ಜಸ್ಟಿನರು ಸ್ಥಾಪಿಸಿದ ಗುರುಮಠದಲ್ಲಿ ಗೆಬ್ರೆ ಮಿಕಾಯೇಲರು ಬೋಧಕರಾದರು. ಅಲ್ಲಿ ತರುಣರು ತಮ್ಮ ನಾಡಿನ ಉಡುಪಿನಲ್ಲಿ, ನಾಡಿನ ಪದ್ಧತಿಯಂತೆ ಗುರುಗಳಾಗಲು ಸಿದ್ಧರಾಗುತ್ತಿದ್ದರು.

ಸರಪಳಿ ಮತ್ತು ಬಯಲು

1849ರ ಜನವರಿಯಲ್ಲಿ ಕೆಂಪು ಸಮುದ್ರದ ತೀರದ ಮಸ್ಸಾವಾದಲ್ಲಿ, ವೈರಿಗಳ ಭಯದಿಂದ ಗುಟ್ಟಾಗಿ, ಜಸ್ಟಿನರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ದೀಕ್ಷೆ ನೀಡಿದವರು, ಮುಂದೆ ಕಾರ್ಡಿನಲ್ ಆದ ಕಪುಚಿನ್ ಮಿಷನರಿ ಗುಲಿಯೆಲ್ಮೊ ಮಸ್ಸಾಯಾ. ಆ ಪದವಿ ತಮಗೆ ತಕ್ಕುದಲ್ಲವೆಂದು ಜಸ್ಟಿನರು ಬಹುಕಾಲ ನಿರಾಕರಿಸುತ್ತಲೇ ಬಂದಿದ್ದರು. ಇಥಿಯೋಪಿಯದ ವಿಧಿಯಲ್ಲಿಯೇ ಗುರುದೀಕ್ಷೆ ನೀಡಲು ರೋಮಿನ ಅನುಮತಿ ಅವರಿಗಿತ್ತು. 1851ರಲ್ಲಿ ಗೆಬ್ರೆ ಮಿಕಾಯೇಲರು ಅವರ ಕೈಯಿಂದಲೇ ಗುರುಗಳಾದರು.

1854ರಲ್ಲಿ ಅಬುನ ಸಲಾಮರ ಒತ್ತಾಯದಿಂದ ಇಬ್ಬರೂ ಗೊಂದರಿನಲ್ಲಿ ಬಂಧಿತರಾದರು. ತಿಂಗಳುಗಟ್ಟಲೆ ಸೆರೆಯಲ್ಲಿಟ್ಟು ಜಸ್ಟಿನರನ್ನು ಗಡೀಪಾರು ಮಾಡಲಾಯಿತು. ಗೆಬ್ರೆ ಮಿಕಾಯೇಲರಿಗೆ ಚಿತ್ರಹಿಂಸೆ. 1855ರಲ್ಲಿ ಪಟ್ಟಕ್ಕೇರಿದ ಸಾಮ್ರಾಟ ತೆವೊದ್ರೋಸನು ಅವರನ್ನು ಸರಪಳಿ ಬಿಗಿದು ತನ್ನ ದಂಡಿನ ಹಿಂದೆ ನಡೆಸಿಕೊಂಡು ಹೋದನು. ಅದೇ ವರ್ಷ ದಾರಿಯಲ್ಲಿ, ಸರಪಳಿಯಲ್ಲಿಯೇ ಅವರು ಪ್ರಾಣಬಿಟ್ಟರು. 1926ರಲ್ಲಿ ಧರ್ಮಸಭೆಯು ಅವರನ್ನು ಪುನೀತರೆಂದು ಘೋಷಿಸಿತು. ಅಬುನ ಸಲಾಮರ ಗತಿಯೂ ಸುಖಕರವಾಗಿರಲಿಲ್ಲ. ಅದೇ ತೆವೊದ್ರೋಸನು ಅವರನ್ನೂ ಸೆರೆಯಲ್ಲಿಟ್ಟನು. ಅವರು 1867ರಲ್ಲಿ ಮಗ್ದಲಾ ಕೋಟೆಯಲ್ಲಿ ಬಂದಿಯಾಗಿಯೇ ತೀರಿಕೊಂಡರು.

ಜಸ್ಟಿನರು ಇಂದಿನ ಎರಿಟ್ರಿಯಕ್ಕೆ ಸೇರಿದ ಪ್ರದೇಶದಲ್ಲಿ ಕಾರ್ಯ ಮುಂದುವರಿಸಿದರು. 1860ರ ಜುಲೈ ತಿಂಗಳ ಉರಿಬಿಸಿಲಿನಲ್ಲಿ, ಜ್ವರದಿಂದ ಬಳಲುತ್ತ, ಕರಾವಳಿಯಿಂದ ಹಲಾಯ್ ಎಂಬ ಬೆಟ್ಟದೂರಿನ ಕಡೆಗೆ ಹೊರಟರು. ಅಲಿಗೆದೆ ಕಣಿವೆಯಲ್ಲಿ ಮುಂದಿನ ಹೆಜ್ಜೆ ಇಡಲಾಗಲಿಲ್ಲ. ಅಂತ್ಯಾಭ್ಯಂಗವನ್ನು ಪಡೆದು, ಎಲ್ಲರಲ್ಲಿ ಕ್ಷಮೆ ಬೇಡಿ, ಕಲ್ಲೊಂದಕ್ಕೆ ತಲೆಯಾನಿಸಿ, ಬರಿಯ ನೆಲದ ಮೇಲೆ ಪ್ರಾಣ ಒಪ್ಪಿಸಿದರು. ಸುತ್ತ ಇದ್ದವರು ಅವರ ಇಥಿಯೋಪಿಯದ ಶಿಷ್ಯರು. ಹೆಬೊ ಎಂಬ ಊರಿನಲ್ಲಿ ಅವರ ಸಮಾಧಿಯಿದೆ.

ನಮಗೊಂದು ಪಾಠ

ಈ ಕಥೆಯನ್ನು ಓದುವಾಗ ನಾವು ಪ್ರಾಮಾಣಿಕರಾಗಿರಬೇಕು. ಅಬುನ ಸಲಾಮರ ಕಡೆಯಿಂದ ನೋಡಿದರೆ, ತಮ್ಮ ಮಂದೆಯ ಕುರಿಗಳನ್ನು ಇನ್ನೊಬ್ಬರು ಕರೆದೊಯ್ಯುವಂತೆ ಕಂಡಿದ್ದರೆ ಆಶ್ಚರ್ಯವೇನು? ಸೆರೆ, ಸರಪಳಿಗಳನ್ನು ನಾವು ಸಮರ್ಥಿಸಲಾರೆವು. ಆದರೆ ಆ ನೋವನ್ನು ಅರ್ಥಮಾಡಿಕೊಳ್ಳಬಲ್ಲೆವು. ಅಗಲಿಕೆಯ ದೋಷದಲ್ಲಿ ಎರಡು ಕಡೆಯವರ ಪಾಲೂ ಇದೆಯೆಂದು ಎರಡನೆಯ ವತಿಕಾನ್ ಮಹಾಸಭೆಯೇ 1964ರ ತನ್ನ ಐಕ್ಯತೆಯ ಆಜ್ಞಾಪತ್ರದಲ್ಲಿ ಒಪ್ಪಿಕೊಂಡಿದೆ. ಪೌರಸ್ತ್ಯ ಸಭೆಗಳ ಪೂಜಾವಿಧಿಗಳು ಇಡೀ ಧರ್ಮಸಭೆಯ ಸೊತ್ತೆಂದು ಅದು ಗೌರವಿಸಿದೆ. 1841ರಲ್ಲಿ ಜಸ್ಟಿನರ ಮಾತಿಗೆ ಕಿವಿಗೊಡದ ಅದೇ ಅಲೆಕ್ಸಾಂದ್ರಿಯದ ಪೀಠದಲ್ಲಿದ್ದ ಮೂರನೆಯ ಶೆನೂದಾ ಅವರು 1973ರಲ್ಲಿ ರೋಮಿಗೆ ಬಂದು, ಪೋಪ್ ಆರನೆಯ ಪೌಲರೊಡನೆ ಕ್ರಿಸ್ತನ ಕುರಿತಾದ ಸಮಾನ ವಿಶ್ವಾಸದ ಘೋಷಣೆಗೆ ಸಹಿ ಹಾಕಿದರು. ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 26ರಂದು, ಅದೇ ಪೋಪ್ ಜಸ್ಟಿನರಿಗೆ ಸಂತ ಪದವಿಯನ್ನು ನೀಡಿದರು. ಇಂದು ಇಥಿಯೋಪಿಯ ಮತ್ತು ಎರಿಟ್ರಿಯಗಳಲ್ಲಿ ಗೀಜ್ ವಿಧಿಯ ಕಥೋಲಿಕರ ಸಂಖ್ಯೆ ಚಿಕ್ಕದು. ಆದರೂ 2015ರಲ್ಲಿ ಎರಿಟ್ರಿಯದ ಸಭೆಗೆ ಪ್ರತ್ಯೇಕ ಸ್ಥಾನಮಾನ ದೊರೆತು, ಅದು ತನ್ನದೇ ಕಾಲ ಮೇಲೆ ನಿಂತಿದೆ.

ನಮ್ಮ ಕರಾವಳಿಯಲ್ಲಿಯೂ ಈ ಪಾಠಕ್ಕೆ ಎಡೆಯಿದೆ. ಪದ್ರುವಾದೊ ಅಧಿಕಾರದ ವಿವಾದದಿಂದ ಮನನೊಂದು 1880ರ ದಶಕದ ಕೊನೆಯಲ್ಲಿ ಆರ್ಥೊಡಾಕ್ಸ್ ಸಭೆಯನ್ನು ಸೇರಿದ ಬ್ರಹ್ಮಾವರದ ಕುಟುಂಬಗಳು ನಮ್ಮದೇ ಕೊಂಕಣಿ ಮಾತನಾಡುವವರು, ನಮ್ಮ ನೆಂಟರು. ಬೆಳ್ತಂಗಡಿ ಪರಿಸರದಲ್ಲಿ ಸಿರಿಯನ್ ವಿಧಿಯ ಕಥೋಲಿಕರು ನಮ್ಮ ನೆರೆಹೊರೆಯವರು. ಅವರ ಪೂಜೆಯ ರೀತಿ ಬೇರೆಯೆಂದು ನಾವು ಎಷ್ಟು ಸಲ ನಕ್ಕಿಲ್ಲ? ಮದುವೆಯ ಮಾತು ಬಂದಾಗ ಎಷ್ಟು ಸಲ ಮುಖ ತಿರುಗಿಸಿಲ್ಲ?

ಸಂತ ಜಸ್ಟಿನರು ಎದುರಿನವರ ಪ್ರಾರ್ಥನೆಯನ್ನು ಕಲಿತು, ಅವರ ಊಟವನ್ನು ಉಂಡು, ಆಮೇಲೆ ಬಾಯಿ ತೆರೆದರು. ಈ ವರ್ಷ ಸಂತ ಇಗ್ನೇಷಿಯಸರ ಹಬ್ಬದ ಸಂಜೆ ಮನೆಯಲ್ಲಿ ಜಪಸರ ಪ್ರಾರ್ಥನೆಗೆ ಕುಳಿತಾಗ, ಅಲಿಗೆದೆಯ ಕಣಿವೆಯಲ್ಲಿ ನೆಲದ ಮೇಲೆ ಮಲಗಿದ ಆ ಧರ್ಮಾಧ್ಯಕ್ಷರನ್ನೂ ಸರಪಳಿಯಲ್ಲಿ ಮಡಿದ ಅವರ ಗೆಳೆಯರನ್ನೂ ನಾವು ನೆನೆಯೋಣ. ಅಬುನ ಸಲಾಮರ ಆತ್ಮಕ್ಕಾಗಿಯೂ ಒಂದು ನಮೋ ಮರಿಯ ಸಲ್ಲಿಸೋಣ. ಎಲ್ಲರಲ್ಲಿ ಕ್ಷಮೆ ಬೇಡಿ ಕಣ್ಣು ಮುಚ್ಚಿದ ಸಂತರಿಗೆ ಅದು ಖಂಡಿತವಾಗಿಯೂ ಪ್ರಿಯವಾದೀತು.